ಖರ್ಚು ಯಾರದು, ಬೀಗ ಯಾರ ಕೈಲಿ?

ಎಸ್ಟೋನಿಯಾದವರು 2005ರಿಂದಲೇ ಇಂಟರ್‌ನೆಟ್‌ನಲ್ಲಿ ಮತ ಹಾಕುತ್ತಿದ್ದಾರೆ. ವೈದ್ಯರು ಬರೆದ ಔಷಧಿಯ ಚೀಟಿ 2010ರಿಂದ ಕಂಪ್ಯೂಟರ್ ಮೂಲಕವೇ ಔಷಧಿ ಅಂಗಡಿ ತಲುಪುತ್ತದೆ. ಆದರೆ ಹಳ್ಳಿಯ ಮರದ ಮನೆಯಲ್ಲಿ ಒಬ್ಬಳೇ ಇರುವ ಅಜ್ಜಿಯ ಒಲೆಗೆ ಕೊರೆಯುವ ಚಳಿಯಲ್ಲಿ ಸೌದೆ ತುಂಬುವವರು ಯಾರು? ಇದಕ್ಕೆ ಯಾವ ಆ್ಯಪ್ ಕೂಡ ಸಾಲದು. ಯಾರಾದರೂ ಹೋಗಿ ಬಾಗಿಲು ತಟ್ಟಲೇಬೇಕು.

ಯಾರು ಹೋಗಬೇಕು, ಎಷ್ಟು ದಿನಕ್ಕೊಮ್ಮೆ, ಯಾರ ದುಡ್ಡಿನಲ್ಲಿ ಎಂದು ತೀರ್ಮಾನಿಸುವುದು ವೃದ್ಧರ ಆರೈಕೆಯ ಹೊಣೆ ಹೊತ್ತ ಸಮಾಜಸೇವಾ ವ್ಯವಸ್ಥಾಪಕಿ. ಈ ಕ್ಷೇತ್ರದಲ್ಲಿ ಬಹುಪಾಲು ಹೆಂಗಸರೇ ಇರುವುದರಿಂದ ‘ವ್ಯವಸ್ಥಾಪಕಿ’ ಎಂದೇ ಬರೆಯಬಹುದು. ಸುಮಾರು 13.7 ಲಕ್ಷ ಜನರ ಈ ಪುಟ್ಟ ದೇಶದಲ್ಲಿ ಐವರಲ್ಲಿ ಒಬ್ಬರು 65 ದಾಟಿದವರು. ಹಳ್ಳಿಯ ಹುಡುಗ ಹುಡುಗಿಯರು ರಾಜಧಾನಿ ಟ್ಯಾಲಿನ್‌ಗೋ, ಕೊಲ್ಲಿಯಾಚೆಯ ಫಿನ್ಲೆಂಡಿಗೋ ಹೋಗಿ ನೆಲೆಸಿದ್ದಾರೆ.

ವ್ಯವಸ್ಥಾಪಕಿಯ ಈ ವೃತ್ತಿಗೆ ವಯಸ್ಸು ಹೆಚ್ಚೇನೂ ಆಗಿಲ್ಲ. ಸೋವಿಯತ್ ಆಳ್ವಿಕೆಯಲ್ಲಿ ವೃದ್ಧಾಶ್ರಮಗಳಿದ್ದರೂ ಸಮಾಜಕಾರ್ಯವನ್ನು ಒಂದು ವಿದ್ಯೆಯಾಗಿ ಕಲಿಸುತ್ತಿರಲಿಲ್ಲ. ಸ್ವಾತಂತ್ರ್ಯ ಮರಳಿದ 1991ರ ಆಸುಪಾಸಿನಲ್ಲಿ ಟ್ಯಾಲಿನ್ ಮತ್ತು ಟಾರ್ಟು ನಗರಗಳಲ್ಲಿ ಅದರ ಪಾಠ ಶುರುವಾಯಿತು. ಈಗ ಪದವಿಯ ಜೊತೆಗೆ ವೃತ್ತಿ ಅರ್ಹತೆಯ ಪ್ರಮಾಣಪತ್ರವೂ ಇದೆ. ಆರೈಕೆದಾರ್ತಿಯಾಗಿ ಸೇರಿ, ಮುಂದೆ ಓದಿ, ಸ್ಥಳೀಯ ಸಂಸ್ಥೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವಿಭಾಗದ ಮುಖ್ಯಸ್ಥೆಯೋ ವೃದ್ಧಾಶ್ರಮದ ನಿರ್ದೇಶಕಿಯೋ ಆಗುವ ದಾರಿಯೂ ಉಂಟು.

2017ರಲ್ಲಿ ದೇಶದ 213 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿ 79 ಮಾಡಿದರು. ಅದಕ್ಕೂ ಮೊದಲು ಸಣ್ಣ ಊರುಗಳಲ್ಲಿ ಮಕ್ಕಳ ಸಮಸ್ಯೆಯಿಂದ ಮುದುಕರ ಊಟದವರೆಗೆ ಎಲ್ಲಕ್ಕೂ ಒಬ್ಬಳೇ ಕಾರ್ಯಕರ್ತೆ ಇರುವುದು ಸಾಮಾನ್ಯವಾಗಿತ್ತು. ವಿಲೀನದಿಂದ ವೃದ್ಧರಿಗೆಂದೇ ಪ್ರತ್ಯೇಕ ಸಿಬ್ಬಂದಿ ಇಟ್ಟುಕೊಳ್ಳುವುದು ಸುಲಭವಾಯಿತು; ಕಚೇರಿ ಮಾತ್ರ ದೂರವಾಯಿತು.

ಕೆಲಸ ಶುರುವಾಗುವುದು ಮನೆಯಲ್ಲೇ. ಮನೆ ಬೆಚ್ಚಗಿಡುವುದು, ಅಡುಗೆ, ಬಟ್ಟೆ ಒಗೆತ, ಅಂಗಡಿಯಿಂದ ಸಾಮಾನು ತರುವುದು, ಇವೆಲ್ಲ ಕಾನೂನೇ ಹೆಸರಿಸಿರುವ ಗೃಹಸೇವೆಗಳು. ಬಿದ್ದರೆ ಒತ್ತಲು ಕೈಗೆ ಕಟ್ಟಿಕೊಳ್ಳುವ ಗುಂಡಿಯಿದೆ, ಆಸ್ಪತ್ರೆಗೆ ಕರೆದೊಯ್ಯುವ ವಾಹನವಿದೆ. ಇದ್ಯಾವುದೂ ಸಾಲದಾದಾಗ ವೃದ್ಧಾಶ್ರಮದ ಮಾತು ಬರುತ್ತದೆ. ಅಲ್ಲಿಂದಾಚೆ ಹಣದ ಮಾತು.

ಅಗತ್ಯವಿರುವ ತನ್ನ ಸದಸ್ಯರನ್ನು ನೋಡಿಕೊಳ್ಳುವುದು ಕುಟುಂಬದ ಕರ್ತವ್ಯ ಎಂದು ಎಸ್ಟೋನಿಯಾದ ಸಂವಿಧಾನದ 27ನೇ ವಿಧಿ ಹೇಳುತ್ತದೆ. ವೃದ್ಧಾಶ್ರಮದ ಶುಲ್ಕವೋ ಸರಾಸರಿ ಪಿಂಚಣಿಗಿಂತ ಬಹಳ ಹೆಚ್ಚು. ಮಿಕ್ಕ ಹಣವನ್ನು ಮಕ್ಕಳು, ಕೆಲವೊಮ್ಮೆ ಮೊಮ್ಮಕ್ಕಳು ತುಂಬುತ್ತಿದ್ದರು. ಅಂದರೆ ವ್ಯವಸ್ಥಾಪಕಿ ಅಪ್ಪನ ಕಾಯಿಲೆಯ ಜೊತೆಗೆ ಮಗನ ಸಂಬಳದ ಲೆಕ್ಕವನ್ನೂ ಕೇಳಬೇಕಿತ್ತು.

2023ರ ಜುಲೈ 1ರಂದು ಈ ಲೆಕ್ಕ ಬದಲಾಯಿತು. ಹೊಸ ನಿಯಮದಂತೆ ಆರೈಕೆ ಸಿಬ್ಬಂದಿಯ ಖರ್ಚು ಸ್ಥಳೀಯ ಸಂಸ್ಥೆಯದು, ಕೋಣೆ ಮತ್ತು ಊಟದ ಖರ್ಚು ವೃದ್ಧರದು. ಆದಾಯ ಸರಾಸರಿ ಪಿಂಚಣಿಗಿಂತ ಕಡಿಮೆಯಿದ್ದರೆ ಆ ಕೊರತೆಗೂ ನೆರವುಂಟು. ಕಾಗದದ ಮೇಲೆ ಇದು ದೊಡ್ಡ ನೆಮ್ಮದಿ, ಬಹಳ ಮನೆಗಳಲ್ಲಿ ನಿಜಕ್ಕೂ ನೆಮ್ಮದಿಯೇ. ಆದರೆ ಸ್ಥಳೀಯ ಸಂಸ್ಥೆ ತಾನು ಕೊಡುವ ಮೊತ್ತಕ್ಕೆ ಮಿತಿ ಹಾಕಬಹುದು. ಆಶ್ರಮದ ದರ ಆ ಮಿತಿ ದಾಟಿದರೆ ಉಳಿದದ್ದು ಮತ್ತೆ ಕುಟುಂಬದ ತಲೆಗೇ ಬರುತ್ತದೆ. ಇತ್ತ ಆಶ್ರಮ ಸೇರಬಯಸುವವರೂ ಹೆಚ್ಚಿದರು. ನಿಜವಾಗಿ ಆಶ್ರಮ ಬೇಕಾದವರು ಯಾರು, ಇನ್ನೂ ಮನೆಯಲ್ಲೇ ಇರಬಲ್ಲವರು ಯಾರು ಎಂದು ಬೇರ್ಪಡಿಸುವ ಕಟುವಾದ ಕೆಲಸ ವ್ಯವಸ್ಥಾಪಕಿಯ ಪಾಲಿಗೆ ಬಂತು. ಖರ್ಚಿನ ಹೊಣೆ ಹೊತ್ತ ಸಂಸ್ಥೆಯ ನೌಕರಳೇ ಅಗತ್ಯವನ್ನೂ ಅಳೆಯಬೇಕೆಂಬುದು ಈ ಸುಧಾರಣೆಯ ದುರ್ಬಲ ಜಾಗ.

ಇನ್ನೊಂದು ಇಕ್ಕಟ್ಟು ಆಶ್ರಮದ ಬಾಗಿಲಲ್ಲಿದೆ. ಮರೆವಿನ ಕಾಯಿಲೆಯವರು ಹಿಮದಲ್ಲಿ ಎದ್ದು ಹೊರಟಾರೆಂದು ಬೀಗ ಹಾಕಬಹುದೇ? ಸಾಮಾನ್ಯ ಆರೈಕೆಯ ಆಶ್ರಮದಲ್ಲಿ ಹಾಗೆ ಕೂಡಿಹಾಕುವುದು ಕಾನೂನುಬಾಹಿರ ಎಂದು ಜನರ ಹಕ್ಕುಗಳ ಮೇಲೆ ಕಣ್ಣಿಡುವ ಅಲ್ಲಿನ ನ್ಯಾಯ ಚಾನ್ಸೆಲರ್ ಕಚೇರಿ ಮತ್ತೆ ಮತ್ತೆ ಎಚ್ಚರಿಸಿದೆ. ಬಿಟ್ಟರೆ ಜೀವಕ್ಕೆ ಅಪಾಯ, ಕಟ್ಟಿದರೆ ಹಕ್ಕಿಗೆ ಅಪಾಯ. ಸಿಬ್ಬಂದಿ ಕಡಿಮೆಯಿರುವ ರಾತ್ರಿ ಪಾಳಿಯಲ್ಲಿ ಇದು ಬರೀ ತತ್ವದ ಚರ್ಚೆಯಾಗಿ ಉಳಿಯುವುದಿಲ್ಲ. ಮರೆವಿನ ಕಾಯಿಲೆಯ ಬಗ್ಗೆ ಸಲಹೆ, ತರಬೇತಿ ನೀಡುವ ಕೇಂದ್ರವೊಂದು 2018ರಲ್ಲಿ ಆರಂಭವಾಗಿದೆ.

ವ್ಯವಸ್ಥಾಪಕಿಗೆ ವೃದ್ಧರ ಭಾಷೆಯೂ ಬರಬೇಕು. ಪೂರ್ವದ ಗಡಿಯಲ್ಲಿರುವ ನಾರ್ವಾದಲ್ಲಿ ಹೆಚ್ಚುಕಡಿಮೆ ಎಲ್ಲರೂ ರಷ್ಯನ್ ಮಾತಾಡುವವರು. ಟ್ಯಾಲಿನ್‌ನ ಲಾಸ್ನಮ್ಯಾಯೆ ಬಡಾವಣೆಯಲ್ಲೂ ಅಂಥವರು ಬಹಳ. ಇತಿಹಾಸವೂ ತಿಳಿದಿರಬೇಕು. 1949ರ ಮಾರ್ಚ್‌ನಲ್ಲಿ ಸೋವಿಯತ್ ಆಡಳಿತ 20 ಸಾವಿರಕ್ಕೂ ಹೆಚ್ಚು ಎಸ್ಟೋನಿಯನ್ನರನ್ನು ಮನೆಗಳಿಂದ ಎಬ್ಬಿಸಿ ಸೈಬೀರಿಯಾದ ಕಡೆಗೆ ಸಾಗಿಸಿತು. ಅಂದು ಮಕ್ಕಳಾಗಿದ್ದವರು ಇಂದಿನ ವೃದ್ಧರು. ಅಧಿಕಾರಿಯೊಬ್ಬರು ಬಾಗಿಲಲ್ಲಿ ನಿಂತು ‘ಗಂಟುಮೂಟೆ ಕಟ್ಟಿ, ಹೊರಡೋಣ’ ಎಂದರೆ ಅವರ ಎದೆ ಝಲ್ಲೆನ್ನದಿದ್ದೀತೇ?

ಎಸ್ಟೋನಿಯಾದಲ್ಲಿ ಪಿಂಚಣಿಯ ವಯಸ್ಸು 2026ಕ್ಕೆ 65 ಆಗುವಂತೆ ಹಂತಹಂತವಾಗಿ ಏರಿಸುತ್ತ ಬಂದರು. 2027ರಿಂದ ಅದನ್ನು ಜನರ ಸರಾಸರಿ ಆಯುಸ್ಸಿಗೆ ಜೋಡಿಸುವ ಕಾನೂನಿದೆ. ಆಯುಸ್ಸು ಹೆಚ್ಚಿದಂತೆಲ್ಲ ಈ ವ್ಯವಸ್ಥಾಪಕಿಯರ ನಿವೃತ್ತಿಯೂ ಮುಂದಕ್ಕೆ ಹೋಗಲಿದೆ.