ಗುಂಡಿಯೊತ್ತಿದಲ್ಲಿ ಒಂದು ಆಜ್ಞೆ

ಈ ಸ್ಮರಣ ಸಂಚಿಕೆಗಾಗಿ ಹಳೆಯ ಭಾವಚಿತ್ರಗಳನ್ನು ಸಂಗ್ರಹಿಸುವ ಹೊಣೆಯನ್ನು ಸಮಿತಿಯವರು ನನಗೆ ವಹಿಸಿದರು. ಮನೆಮನೆಗಳಿಂದ ತಂದ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಇರಿಸಿದ್ದಾಯಿತು. ಮುಂಬಯಿ, ದುಬಾಯಿಗಳಲ್ಲಿರುವ ಹಳೆ ವಿದ್ಯಾರ್ಥಿಗಳಿಗೆ ಅವನ್ನು ಕಳುಹಿಸಿ ಮುಖಗಳನ್ನು ಗುರುತಿಸಲು ಕೇಳಬೇಕಾಗಿತ್ತು. ಕಡತಗಳೋ ಬಹು ದೊಡ್ಡವು, ಕಿರಿದುಗೊಳಿಸದೆ ಗತ್ಯಂತರವಿರಲಿಲ್ಲ.

ನಮ್ಮ ಕಾಸರಗೋಡಿನ ಮಕ್ಕಳು ಶಾಲೆಯಲ್ಲಿ ಕಲಿಯುವುದು ಮುಕ್ತ ತಂತ್ರಾಂಶವಾದ ಲಿನಕ್ಸನ್ನು. ಮೊಮ್ಮಗನು ನನ್ನ ಯಂತ್ರಕ್ಕೂ ಅದನ್ನೇ ಹಾಕಿ, ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ 'ಮಾಗ್ರಿಫೈ' ಆಜ್ಞೆಯನ್ನು ಹೇಳಿಕೊಟ್ಟನು. ಒಂದೇ ಸಾಲು ಬರೆದರೆ ನೂರು ಚಿತ್ರಗಳು ಕಿರಿದಾಗುತ್ತವೆ. ಆದರೆ ಈ ಆಜ್ಞೆ, ಬೇರೆ ಸ್ಥಳವನ್ನು ಸೂಚಿಸದಿದ್ದರೆ, ಮೂಲ ಕಡತವನ್ನೇ ತಿದ್ದಿಬಿಡುತ್ತದೆ. ಆ ಸೂಚನೆಯನ್ನು ನಾನು ಮರೆತೆ. ಮೊದಲ ತಂಡದ ಚಿತ್ರದ ಕೆಳಗಿದ್ದ ಕನ್ನಡ ಹೆಸರುಗಳು ಓದಲಾಗದಂತೆ ಮಸುಕಾದವು. ಮೂಲ ಚಿತ್ರವನ್ನು ಅದಾಗಲೇ ಹಿಂದಿರುಗಿಸಿದ್ದೆ. ನಾಚಿಕೆಯಿಂದಲೇ ಆ ಮನೆಯ ಮೆಟ್ಟಿಲನ್ನು ಮತ್ತೊಮ್ಮೆ ಹತ್ತಿದೆ.

ಪ್ರತಿಸಲವೂ ನೆನಪಿನಿಂದ ಬರೆಯುವ ಆಜ್ಞೆಯಲ್ಲಿ ತಪ್ಪು ಸಹಜ. ಒಮ್ಮೆ ಸರಿಯಾಗಿ ಬರೆದು, ಮೌಸಿನ ಬಲಗುಂಡಿ ಒತ್ತಿದಾಗ ತೆರೆಯುವ ಪಟ್ಟಿಯಲ್ಲಿ ಅದನ್ನು ಸೇರಿಸುವುದೇ ಇದಕ್ಕೆ ಪರಿಹಾರ.

ಕಡತಗಳನ್ನು ತೋರಿಸುವ 'ಥುನಾರ್' ತಂತ್ರಾಂಶದಲ್ಲಿ ಈ ಕಾರ್ಯ ಸುಲಭ. ಮೊದಲು ಕಿರಿದಾದ ಚಿತ್ರಗಳಿಗಾಗಿ ಬೇರೆಯೇ ಒಂದು ಫೋಲ್ಡರ್ ಮಾಡಿಡಬೇಕು. ಅದರ ಹೆಸರಿನಲ್ಲಿ ಎಡೆ ಬಿಡಬಾರದು. ಬಳಿಕ 'ಎಡಿಟ್' ಪಟ್ಟಿಯಲ್ಲಿ 'ಕಾನ್ಫಿಗರ್ ಕಸ್ಟಮ್ ಆಕ್ಷನ್ಸ್' ಎಂಬುದನ್ನು ತೆರೆದು, ಕೂಡಿಸುವ ಚಿಹ್ನೆಯನ್ನು ಒತ್ತಬೇಕು. ಹೆಸರಿನ ಜಾಗದಲ್ಲಿ 'ಚಿತ್ರ ಕಿರಿದುಗೊಳಿಸು' ಎಂದು ಕನ್ನಡದಲ್ಲಿಯೇ ಬರೆಯಬಹುದು. ಆಜ್ಞೆಯ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಹೀಗೆ ಬರೆಯಬೇಕು:

ಮಾಗ್ರಿಫೈ -ಪಾತ್ (ಹೊಸ ಫೋಲ್ಡರಿನ ಪೂರ್ಣ ವಿಳಾಸ) -ರಿಸೈಜ್ 1600 %ಎಫ್

'ಪಾತ್' ಎಂಬುದು ಹೊಸ ಪ್ರತಿಗಳ ಸ್ಥಳವನ್ನು ಸೂಚಿಸುವುದರಿಂದ ಮೂಲ ಚಿತ್ರ ಸುರಕ್ಷಿತ. 1600 ಎಂಬುದು ಅಗಲದ ಬಿಂದುಗಳ ಸಂಖ್ಯೆ. ಎತ್ತರ ಅದೇ ಪ್ರಮಾಣದಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ. ಕೊನೆಯ ಎಫ್ ದೊಡ್ಡಕ್ಷರವಾಗಿದ್ದರೆ ಆಯ್ದ ಎಲ್ಲ ಚಿತ್ರಗಳಿಗೂ, ಸಣ್ಣಕ್ಷರವಾಗಿದ್ದರೆ ಮೊದಲನೆಯದಕ್ಕೆ ಮಾತ್ರ ಆಜ್ಞೆ ಅನ್ವಯಿಸುತ್ತದೆ. ಅನಂತರ 'ಅಪಿಯರೆನ್ಸ್ ಕಂಡಿಶನ್ಸ್' ಪುಟದಲ್ಲಿ ಚಿತ್ರಗಳಿಗೆ ಮಾತ್ರ ಗುರುತು ಹಾಕಿದರೆ, ಬೇರೆ ಕಡತಗಳ ಮೇಲೆ ಈ ಸಾಲು ಕಾಣಿಸಿಕೊಳ್ಳುವುದಿಲ್ಲ. ಮೊದಲ ಪರೀಕ್ಷೆ ಮಾತ್ರ ಒಂದು ನಕಲಿನ ಮೇಲೆಯೇ ನಡೆಯಲಿ.

ಈಗ ಶಾಲಾ ಕಚೇರಿಯ ಯಂತ್ರದಲ್ಲಿಯೂ ಈ ವ್ಯವಸ್ಥೆ ಮಾಡಿಕೊಟ್ಟಿದ್ದೇನೆ. ನಾಳೆ ನಾನಿಲ್ಲದಿದ್ದರೂ ಕೆಲಸ ನಿಲ್ಲಬಾರದು.

ಮೊದಲ ತಂಡದ ಚಿತ್ರದ ಹೆಸರುಗಳು ಮರಳಿ ದೊರೆತಿವೆ. ಮುಂದಿನ ಪುಟದ ಚಿತ್ರದಲ್ಲಿ ಮಾತ್ರ ಎರಡನೆಯ ಸಾಲಿನ ನಾಲ್ವರು ಯಾರೆಂದು ಇನ್ನೂ ತಿಳಿದಿಲ್ಲ. ಗುರುತಿಸಿದವರು ದಯವಿಟ್ಟು ಶಾಲಾ ಕಚೇರಿಗೆ ತಿಳಿಸಬೇಕಾಗಿ ವಿನಂತಿ.