ಮುಚ್ಚದ ಕಿಂಡಿ

ಬ್ರಹ್ಮಾವರದಿಂದ ಕುಂದಾಪುರ, ಬೈಂದೂರುಗಳವರೆಗಿನ ಕರಾವಳಿಯಲ್ಲಿ ಹೊಳೆಗಳಿಗೆ ಕಟ್ಟಿದ ಕಿಂಡಿ ಅಣೆಕಟ್ಟುಗಳುಂಟು. ಮಳೆಗಾಲ ಕಳೆದ ಮೇಲೆ ಅವುಗಳ ಕಿಂಡಿಗಳಿಗೆ ಹಲಗೆಗಳನ್ನು ಇಳಿಸುತ್ತಾರೆ. ಒಂದು ಹಲಗೆ ಸರಿಯಾಗಿ ಕೂರದಿದ್ದರೂ ಸಾಕು, ಉಬ್ಬರದ ವೇಳೆ ಉಪ್ಪುನೀರು ನುಗ್ಗಿ ಸಿಹಿನೀರಿನೊಡನೆ ಬೆರೆಯುತ್ತದೆ. ಹೃದಯದೋಷದೊಡನೆ ಹುಟ್ಟಿದ ಮಗುವಿನ ಎದೆಯೊಳಗೂ ಇಂಥದೇ ಬೆರಕೆ ನಡೆಯುತ್ತದೆ. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8ರಿಂದ 10 ಶಿಶುಗಳಿಗೆ ಈ ದೋಷವಿರುತ್ತದೆ.

ಹೃದಯದಲ್ಲಿ ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಎಡಬಲಗಳ ನಡುವೆ ಗೋಡೆ. ಬಲಭಾಗವು ಆಮ್ಲಜನಕ ಕಳೆದುಕೊಂಡ ರಕ್ತವನ್ನು ಶ್ವಾಸಕೋಶಕ್ಕೆ ದೂಡುತ್ತದೆ. ಎಡಭಾಗವು ಅಲ್ಲಿಂದ ಮರಳಿದ ಶುದ್ಧರಕ್ತವನ್ನು ಮಹಾಪಧಮನಿಯ ಮೂಲಕ ದೇಹಕ್ಕೆಲ್ಲ ಕಳುಹಿಸುತ್ತದೆ. ಗರ್ಭಸ್ಥ ಶಿಶುವಾದರೋ ಉಸಿರಾಡುವುದಿಲ್ಲ. ಅದಕ್ಕೆ ಆಮ್ಲಜನಕ ದೊರೆಯುವುದು ಹೊಕ್ಕುಳಬಳ್ಳಿಯಿಂದ. ಆದುದರಿಂದ ರಕ್ತದ ಬಹುಪಾಲು ಶ್ವಾಸಕೋಶಕ್ಕೆ ಹೋಗದೆ ಸಾಗಲೆಂದು ಪ್ರಕೃತಿಯು ಎರಡು ಒಳದಾರಿಗಳನ್ನು ತೆರೆದಿಟ್ಟಿದೆ: ಹೃತ್ಕರ್ಣಗಳ ನಡುವೆ ಅಂಡಾಕಾರದ ಒಂದು ರಂಧ್ರ, ಶ್ವಾಸಕೋಶದ ಧಮನಿಗೂ ಮಹಾಪಧಮನಿಗೂ ನಡುವೆ ಒಂದು ಕಿರುನಾಳ. ಶಿಶು ಮೊದಲ ಉಸಿರೆಳೆದ ಬಳಿಕ ಇವು ಮುಚ್ಚತೊಡಗುತ್ತವೆ. ನಾಳ ತೆರೆದೇ ಉಳಿದರೆ ಅದೊಂದು ದೋಷ. ಕೆಲವು ಮಕ್ಕಳಲ್ಲಿ ಗೋಡೆಯೇ ಪೂರ್ತಿಯಾಗಿ ಬೆಳೆದಿರುವುದಿಲ್ಲ. ಹೃತ್ಕುಕ್ಷಿಗಳ ನಡುವಣ ರಂಧ್ರವು ಇವುಗಳಲ್ಲೆಲ್ಲ ಸಾಮಾನ್ಯವಾದುದು.

ಎಡ ಹೃತ್ಕುಕ್ಷಿಯ ಒತ್ತಡ ಬಲದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗಾಗಿ ರಂಧ್ರ ದೊಡ್ಡದಿದ್ದರೆ ಶುದ್ಧರಕ್ತವು ಬಲಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ನೆರೆ ಬಂದಂತಾಗುತ್ತದೆ. ಮಗು ಮೊಲೆಯುಣ್ಣುವಾಗ ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ. ಮೈ ನೀಲಿಗಟ್ಟದ ಕಾರಣ, ದೃಷ್ಟಿ ತಾಗಿದೆಯೆಂದು ಸುಮ್ಮನಾಗುವವರೂ ಉಂಟು. ವೈದ್ಯರ ಸ್ಟೆತೊಸ್ಕೋಪಿಗೆ ರಕ್ತ ನುಗ್ಗುವ ಮರ್ಮರ ಕೇಳಿಸುತ್ತದೆ. ವಿಚಿತ್ರವೆಂದರೆ, ಸಣ್ಣ ರಂಧ್ರದ ಸದ್ದೇ ಅನೇಕ ವೇಳೆ ದೊಡ್ಡದು.

ಮೈ ನೀಲಿಗಟ್ಟಿಸುವ ದೋಷವೊಂದನ್ನು ಫ್ರಾನ್ಸಿನ ವೈದ್ಯ ಫ್ಯಾಲೊ 1888ರಲ್ಲಿ ವಿವರವಾಗಿ ನಿರೂಪಿಸಿದನು. ಇದರಲ್ಲಿ ಶ್ವಾಸಕೋಶದ ದಾರಿ ಇಕ್ಕಟ್ಟು, ಹೃತ್ಕುಕ್ಷಿಗಳ ನಡುವೆ ದೊಡ್ಡ ರಂಧ್ರ, ಅದರ ಮೇಲೆಯೇ ಮಹಾಪಧಮನಿ. ದುಡಿದು ದುಡಿದು ದಪ್ಪಗಾದ ಬಲ ಹೃತ್ಕುಕ್ಷಿ. ಅಶುದ್ಧ ರಕ್ತ ದೇಹಕ್ಕೆ ಹರಿದು ತುಟಿ, ಉಗುರು ನೀಲಿಯಾಗುತ್ತವೆ. ಇಂಥ ಮಗು ನಾಲ್ಕು ಹೆಜ್ಜೆ ಓಡಿ ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತದೆ. ಅದು ಸೋಮಾರಿತನವಲ್ಲ. ಹಾಗೆ ಕುಳಿತಾಗ ಕಾಲಿನ ರಕ್ತನಾಳಗಳು ಅಮುಕಿ, ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ತಿರುಗುತ್ತದೆ. ಯಾರೂ ಹೇಳಿಕೊಡದೆ ಮಗು ಈ ಉಪಾಯವನ್ನು ಕಂಡುಕೊಂಡಿರುತ್ತದೆ!

1944ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆಲೆನ್ ಟಾಸಿಗ್ ಎಂಬ ವೈದ್ಯೆಯ ಸಲಹೆಯಂತೆ ಆಲ್ಫ್ರೆಡ್ ಬ್ಲೇಲಾಕ್, ತೋಳಿಗೆ ಹೋಗುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಹೊಲಿದನು. ಹುಟ್ಟಿದ ಬಳಿಕ ಪ್ರಕೃತಿ ಮುಚ್ಚುವ ನಾಳದಂಥದೇ ಒಂದನ್ನು ಮನುಷ್ಯನು ಮರಳಿ ಕಟ್ಟಿದಂತಾಯಿತು. ಆ ವಿಧಾನವನ್ನು ನಾಯಿಗಳ ಮೇಲೆ ಪ್ರಯೋಗಿಸಿ ಪಳಗಿಸಿಕೊಟ್ಟವನು ವೈದ್ಯಪದವಿಯಿಲ್ಲದ ವಿವಿಯನ್ ಥಾಮಸ್.

ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕೆಲವನ್ನು ತೊಡೆಯ ರಕ್ತನಾಳದ ಮೂಲಕ ಮುಚ್ಚಳವೊಂದನ್ನು ಸಾಗಿಸಿ ಮುಚ್ಚುತ್ತಾರೆ, ಉಳಿದವಕ್ಕೆ ಶಸ್ತ್ರಚಿಕಿತ್ಸೆ. ಗರ್ಭಿಣಿ ಗ್ರಹಣ ನೋಡಿದಳೆಂದು ತಾಯಿಯನ್ನು ದೂರುವುದು ಅನ್ಯಾಯ. ಹೆಚ್ಚಿನ ಮಕ್ಕಳಲ್ಲಿ ದೋಷಕ್ಕೆ ಇಂಥದೇ ಕಾರಣವೆಂದು ಹೇಳಲಾಗುವುದಿಲ್ಲ. ತಿಳಿದಿರುವ ಕಾರಣಗಳಲ್ಲೊಂದು, ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗಲುವ ರುಬೆಲ್ಲಾ ರೋಗ, ಅದಕ್ಕೆ ಲಸಿಕೆಯುಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೂ ಸರಕಾರಿ ಶಾಲೆಗೂ ಬರುವ ವೈದ್ಯತಂಡ ಹುಡುಕುವ ದೋಷಗಳಲ್ಲಿ ಹೃದಯದ ಈ ದೋಷವೂ ಒಂದು.