ಕಿಟಕಿಯ ದೂಳು, ಅಮ್ಮನ ಉಸಿರು

ಬಾಡಿಗೆ ಮನೆ ನೋಡಲು ಹೋದಾಗ ನಾವು ಏನೇನು ಕೇಳುತ್ತೇವೆ? ಕಾವೇರಿ ನೀರು ಬರುತ್ತಾ, ಅಡ್ವಾನ್ಸ್ ಎಷ್ಟು, ಗಾಡಿ ನಿಲ್ಲಿಸಲು ಜಾಗ ಇದೆಯಾ, ಮೊಬೈಲ್ ಸಿಗ್ನಲ್ ಸಿಗುತ್ತಾ ಎಂದೆಲ್ಲ ವಿಚಾರಿಸುತ್ತೇವೆ. ಕಿಟಕಿಗೆ ಏನು ಹಾಕಿದ್ದಾರೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಬಟ್ಟೆಯ ಪರದೆಯಾದರೆ ಬಿಚ್ಚಿ, ಒಗೆದು, ಒಣಗಿಸಿ ಮತ್ತೆ ಹಾಕಬಹುದು. ಬ್ಲೈಂಡ್ಸ್ ಆದರೆ ಹಾಗಲ್ಲ. ಅಡ್ಡಡ್ಡ ಜೋಡಿಸಿದ ತೆಳು ಪಟ್ಟಿಗಳು. ಪ್ರತಿ ಪಟ್ಟಿಯೂ ದೂಳಿಗೆ ಒಂದೊಂದು ಅಟ್ಟ.

ಮಾರತ್ತಹಳ್ಳಿ ಕಡೆಯ ನಮ್ಮ ಬಾಡಿಗೆ ಮನೆಯಲ್ಲಿ ಇಂಥ ಎರಡು ಕಿಟಕಿಗಳಿವೆ. ಒಂದು ಇಂಚು ಅಗಲದ ಅಲ್ಯೂಮಿನಿಯಂ ಪಟ್ಟಿಗಳು, ನಾಲ್ಕು ಅಡಿ ಎತ್ತರ. ಎಣಿಸಿ ನೋಡಿದರೆ ಒಂದೊಂದು ಕಿಟಕಿಗೆ 57 ಪಟ್ಟಿ. ಹೊರಗೆ ನೋಡಿದರೆ ಹೊರವರ್ತುಲ ರಸ್ತೆ, ಮೆಟ್ರೊ ಕಾಮಗಾರಿ, ಮಣ್ಣು ತುಂಬಿದ ಟಿಪ್ಪರ್‌ಗಳು. ಸೋಮವಾರ ಒರೆಸಿದರೆ ಗುರುವಾರದ ಹೊತ್ತಿಗೆ ಪಟ್ಟಿಯ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ತೆಗೆದುಹಾಕೋಣ ಎಂದರೆ ಅಗ್ರಿಮೆಂಟ್‌ನಲ್ಲೇ ಇದೆ: ಬ್ಲೈಂಡ್ಸ್ ಬಿಚ್ಚುವಂತಿಲ್ಲ, ಮುರಿದರೆ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಲಾಗುವುದು.

ನಾನೊಬ್ಬಳೇ ಇದ್ದಾಗ ಇದು ದೊಡ್ಡ ವಿಷಯವೇ ಆಗಿರಲಿಲ್ಲ. ಈ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಅಮ್ಮನನ್ನು ಕರೆದುಕೊಂಡು ಬಂದೆ. ಅಪ್ಪ ಹೋದ ಮೇಲೆ ಊರಿನ ಮನೆಯಲ್ಲಿ ಅವಳೊಬ್ಬಳೇ. ಜೊತೆಗೆ ಹಳೆಯ ಉಬ್ಬಸ. ಮಳೆಗಾಲದ ಥಂಡಿ, ಗೋಡೆಯ ಬೂಷ್ಟು ಎರಡೂ ಅವಳಿಗೆ ಆಗಿಬರುವುದಿಲ್ಲ. ಬೆಂಗಳೂರಿನಲ್ಲಾದರೂ ಆರಾಮಾಗಿರಲಿ ಎಂದು ನನ್ನ ಲೆಕ್ಕಾಚಾರ.

ಬಂದ ದಿನವೇ ಅಮ್ಮ ಕಿಟಕಿ ನೋಡಿ, ‘ಎಂಥದೇ ಇದು ಮಾರಾಯ್ತಿ, ಕಿಟಕಿಗೆ ದಬ್ಬೆ ಬೇಲಿ ಕಟ್ಟಿದ್ದಾರೆ’ ಎಂದು ನಕ್ಕಳು. ಅಡಿಕೆ ಮರದ ದಬ್ಬೆ ನೋಡಿ ಬೆಳೆದವಳಿಗೆ ಹಾಗೆ ಕಂಡಿದ್ದರಲ್ಲಿ ತಪ್ಪಿಲ್ಲ. ಆದರೆ ಸುಮ್ಮನೆ ಕೂರುವ ಜಾಯಮಾನ ಅವಳದ್ದಲ್ಲ. ನಾನು ಆಫೀಸಿಗೆ ಹೋದ ಮೇಲೆ ಹಳೇ ಸೀರೆಯ ತುಂಡು ಹಿಡಿದು ಒಂದೊಂದೇ ಪಟ್ಟಿ ಒರೆಸುತ್ತಿದ್ದಳು. ಒಣ ಬಟ್ಟೆ ದೂಳನ್ನು ತೆಗೆಯುವುದಕ್ಕಿಂತ ಗಾಳಿಗೆ ಎಬ್ಬಿಸುವುದೇ ಹೆಚ್ಚು. ಸಂಜೆ ನಾನು ಬರುವಷ್ಟರಲ್ಲಿ ಎದೆಯಲ್ಲಿ ಸುಯ್ ಸುಯ್ ಸದ್ದು. ಎರಡನೇ ವಾರ ರಾತ್ರಿ ಹನ್ನೊಂದಕ್ಕೆ ಆಟೊ ಹಿಡಿದು ಆಸ್ಪತ್ರೆಗೆ ಓಡಿದೆವು. ನೆಬ್ಯುಲೈಸರ್ ಹಾಕಿಸಿಕೊಂಡು ಮನೆಗೆ ಬಂದ ಅಮ್ಮ ಹೇಳಿದ್ದು ಒಂದೇ ಮಾತು: ‘ನನ್ನನ್ನು ಊರಿಗೆ ಬಿಟ್ಟು ಬಾ. ಇಲ್ಲಿದ್ದು ನಿಂಗೆ ಭಾರ ಆಗೋದು ಬೇಡ.’

ವೈದ್ಯರು ಮೂರು ಮಾತು ಹೇಳಿದ್ದರು. ಇನ್ಹೇಲರ್ ತಪ್ಪಿಸಬೇಡಿ. ದೂಳನ್ನು ಕೊಡವಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಅಥವಾ ವ್ಯಾಕ್ಯೂಮ್‌ನಿಂದ ಎಳೆಸಿ. ಆ ಹೊತ್ತಿನಲ್ಲಿ ಅಮ್ಮ ಆ ಕೋಣೆಯಲ್ಲಿ ಇರಬಾರದು. ಅಂತೂ ಅಮ್ಮ ಇಲ್ಲಿರಬೇಕೋ ಊರಿಗೆ ಹೋಗಬೇಕೋ ಎನ್ನುವುದು 114 ಪಟ್ಟಿಗಳ ಮೇಲಿನ ದೂಳಿಗೆ ಬಂದು ನಿಂತಿತು. ಒದ್ದೆ ಬಟ್ಟೆ ಒಂದೇ ಸಾಲದು. ದೂಳು ದಪ್ಪಗಿದ್ದಾಗ ನೀರು ತಾಗಿಸಿದರೆ ಕೆಸರಾಗಿ ಪಟ್ಟಿಗೆ ಮೆತ್ತಿಕೊಳ್ಳುತ್ತದೆ. ಮೊದಲು ಒಣದೂಳು ಹೋಗಬೇಕು.

ವ್ಯಾಕ್ಯೂಮ್ ಕ್ಲೀನರ್ ಎಂದರೆ ನಮ್ಮ ತಲೆಯಲ್ಲಿರುವುದು ಸೊಂಡಿಲಿರುವ, ಚಕ್ರದ ಮೇಲೆ ಹಿಂದೆ ಹಿಂದೆ ಬರುವ ದೊಡ್ಡ ಡಬ್ಬ. 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್‌ನ ಮಾರಾಟಗಾರರು ಟೈ ಕಟ್ಟಿಕೊಂಡು ಮನೆ ಮನೆಗೆ ಬಂದು ತೋರಿಸುತ್ತಿದ್ದದ್ದು ಅಂಥದ್ದನ್ನೇ. ನೆಲಕ್ಕೆ, ಸೋಫಾಕ್ಕೆ ಅದು ಸರಿ. ಆದರೆ ಸ್ಟೂಲ್ ಮೇಲೆ ನಿಂತು ಕಿಟಕಿಯ ತುದಿ ಮುಟ್ಟಬೇಕಾದಾಗ ಕೈಯಲ್ಲೇ ಹಿಡಿಯುವ ಪುಟ್ಟ ಯಂತ್ರವೇ ಬೇಕು. ನನ್ನ ಬಜೆಟ್ ಮೂರೂವರೆ ಸಾವಿರ. ಅಷ್ಟರೊಳಗೆ ಆನ್‌ಲೈನ್‌ನಲ್ಲಿ ಸಿಗುವ ಮಾದರಿಗಳನ್ನು ನೋಡಿದರೆ ತಲೆ ತಿರುಗುತ್ತದೆ. ಎರಡು ವಾರ ಓದಿ, ಅಂಗಡಿ ಸುತ್ತಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದು, ಕರೆಂಟ್ ಎಲ್ಲಿಂದ ಎನ್ನುವುದು. ಅಗ್ಗಕ್ಕೆ ಸಿಗುವವುಗಳಲ್ಲಿ ಹಲವು ಕಾರಿಗೆಂದೇ ಮಾಡಿದವು. ಅವುಗಳ ವೈರಿನ ತುದಿ ಕಾರಿನ 12 ವೋಲ್ಟ್ ಸಾಕೆಟ್‌ಗೆ ಮಾತ್ರ ಹೊಂದುತ್ತದೆ, ಮನೆಯ ಪ್ಲಗ್‌ಗೆ ಅಲ್ಲ. ನೇರ ಪ್ಲಗ್‌ಗೆ ಹಾಕುವಂಥವು ಜೋರಾಗಿ ಎಳೆಯುತ್ತವೆ, ಹೊತ್ತಿನ ಮಿತಿಯೂ ಇಲ್ಲ. ಆದರೆ ಸ್ಟೂಲ್ ಮೇಲೆ ನಿಂತಾಗ ವೈರು ಕಾಲಿಗೆ ತೊಡರುತ್ತದೆ. ಬ್ಯಾಟರಿಯದ್ದಾದರೆ ಆ ತೊಂದರೆಯಿಲ್ಲ, ಆದರೆ ಜೋರಿನ ವೇಗದಲ್ಲಿ ಬೇಗ ಖಾಲಿಯಾಗುತ್ತದೆ. ಡಬ್ಬಿಯ ಮೇಲೆ ಬರೆದ ನಿಮಿಷಗಳು ಸಾಮಾನ್ಯವಾಗಿ ಕಡಿಮೆ ವೇಗದವು. ನನ್ನ ಎರಡು ಕಿಟಕಿಗೆ ಹದಿನೈದು ನಿಮಿಷ ಸಾಕು, ಬ್ಲೈಂಡ್ಸ್‌ಗೆ ಬೇಕಿರುವುದೂ ಕಡಿಮೆ ವೇಗವೇ. ಹಾಗಾಗಿ ಬ್ಯಾಟರಿಯದ್ದೇ ಸೈ ಎಂದುಕೊಂಡೆ.

ಎರಡನೆಯದು, ಎಳೆಯುವ ಶಕ್ತಿ. ವ್ಯಾಟ್ ಹೆಚ್ಚಿದ್ದರೆ ಯಂತ್ರ ಒಳ್ಳೆಯದು ಎಂಬುದು ಪೂರ್ತಿ ನಿಜವಲ್ಲ. ವ್ಯಾಟ್ ಎಂದರೆ ಅದು ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ. ಎಳೆತದ ಒತ್ತಡವನ್ನು ಪಾಸ್ಕಲ್ ಅಥವಾ ಕಿಲೊಪಾಸ್ಕಲ್‌ನಲ್ಲಿ ಬರೆದಿರುತ್ತಾರೆ. ಬ್ಲೈಂಡ್ಸ್‌ಗೆ ಅದೂ ವಿಪರೀತ ಬೇಡ. ತೆಳು ಪಟ್ಟಿಯನ್ನೇ ಎಳೆದುಕೊಂಡು ಬಗ್ಗಿಸಿಬಿಟ್ಟರೆ ಅಡ್ವಾನ್ಸ್‌ಗೆ ಕತ್ತರಿ! ವೇಗ ಕಡಿಮೆ ಮಾಡುವ ಸ್ವಿಚ್ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಮೂತಿಗೆ ಹಾಕಲು ಮೆತ್ತನೆ ಕೂದಲಿನ ಬ್ರಷ್ ಜೊತೆಗೇ ಬರಬೇಕು. ಬ್ರಷ್ ದೂಳನ್ನು ಸಡಿಲಿಸುತ್ತದೆ, ಗಾಳಿ ಎಳೆದುಕೊಳ್ಳುತ್ತದೆ.

ಮೂರನೆಯದು, ಅಮ್ಮನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಫಿಲ್ಟರ್. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ದೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಎಳೆದರೆ ಹೇಗೆ ಎಂದು ಯೋಚಿಸಿದನಂತೆ. ಅವನ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಕುದುರೆಗಾಡಿಯಲ್ಲಿ ತಂದು ಬೀದಿಯಲ್ಲೇ ನಿಲ್ಲಿಸಿ, ಕಿಟಕಿಯ ಮೂಲಕ ಪೈಪು ಒಳಗೆ ಬಿಡುತ್ತಿದ್ದರು. ನಮ್ಮ ಕೈಯಲ್ಲಿರುವ ಯಂತ್ರ ಹಾಗಲ್ಲ. ಮುಂದಿನಿಂದ ಎಳೆದ ಗಾಳಿಯನ್ನು ಹಿಂದಿನಿಂದ ಅದೇ ಕೋಣೆಗೆ ಬಿಡುತ್ತದೆ. ಫಿಲ್ಟರ್ ಸರಿಯಿಲ್ಲದಿದ್ದರೆ ಕಣ್ಣಿಗೆ ಕಾಣುವ ದೂಳು ಡಬ್ಬಿಯಲ್ಲಿ ಉಳಿದು, ಶ್ವಾಸಕೋಶಕ್ಕೆ ಇಳಿಯುವ ಸಣ್ಣ ದೂಳು ಗಾಳಿಗೆ ಸೇರುತ್ತದೆ. ನಿಜವಾದ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲೂ ಶೇ 99.97ರಷ್ಟನ್ನು ಹಿಡಿಯಬೇಕು ಎಂಬುದು ಅಮೆರಿಕದ ಮಾನದಂಡ. ‘ಹೆಪಾ ಟೈಪ್’, ‘ಹೆಪಾ ಲೈಕ್’ ಎಂದು ಬರೆದಿದ್ದರೆ ಆ ಭರವಸೆ ಇಲ್ಲ. ಇನ್ನು, ಫಿಲ್ಟರ್ ಒಳ್ಳೆಯದಿದ್ದರೂ ಅದರ ಸುತ್ತಲಿನ ಸಂದಿಯಲ್ಲಿ ಗಾಳಿ ಸೋರಿದರೆ ಪ್ರಯೋಜನವಿಲ್ಲ.

ಇದನ್ನು ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ? ಸೇಲ್ಸ್ ಹುಡುಗ ಅಕ್ಕಿ ಚೆಲ್ಲಿ, ಗರ್ ಎಂದು ಎಳೆಸಿ ತೋರಿಸಿದ. ನಾನು ಬ್ಯಾಗಿನಿಂದ ಒಂದಡಿಯ ಸ್ಟೀಲ್ ಸ್ಕೇಲ್ ತೆಗೆದು ಅದರ ಮೇಲೆ ಟಾಲ್ಕಂ ಪೌಡರ್ ಉದುರಿಸಿದೆ. ‘ಕಿಟಕಿ ಪಟ್ಟಿ ಇಷ್ಟೇ ಅಗಲ ಇರುತ್ತೆ ಅಣ್ಣಾ, ಇದನ್ನು ಎಳೆಸಿ’ ಎಂದೆ. ಯಂತ್ರದ ಹಿಂಬದಿಗೆ ನನ್ನ ಕಪ್ಪು ದುಪಟ್ಟಾ ಹಿಡಿದೆ. ಮೊದಲೆರಡು ಯಂತ್ರಗಳು ಸ್ಕೇಲನ್ನು ಚೊಕ್ಕ ಮಾಡಿದವು, ದುಪಟ್ಟಾವನ್ನು ಬಿಳಿ ಮಾಡಿದವು. ಮೂರನೆಯದರಲ್ಲಿ ದುಪಟ್ಟಾ ಕಪ್ಪಾಗಿಯೇ ಉಳಿಯಿತು. ಸೇಲ್ಸ್ ಹುಡುಗನಿಗೇ ಆಶ್ಚರ್ಯ. ‘ಮೇಡಂ, ನಾಳೆಯಿಂದ ನಾನೂ ಹೀಗೇ ತೋರಿಸ್ತೀನಿ’ ಎಂದ. ಅದು ಅತ್ಯಂತ ಜೋರಿನ ಯಂತ್ರವಾಗಿರಲಿಲ್ಲ. ಆದರೆ ತೂಕ 700 ಗ್ರಾಂ, ಫಿಲ್ಟರ್ ತೊಳೆಯಬಹುದು, ಬದಲಿ ಫಿಲ್ಟರ್ ಬೇರೆಯಾಗಿ ಸಿಗುತ್ತದೆ. ಬೆಲೆ 3,200 ರೂಪಾಯಿ.

‘ಈ ದುಡ್ಡಿಗೆ ಎಷ್ಟು ಪೊರಕೆ ಬರುತ್ತೆ ಗೊತ್ತುಂಟಾ?’ ಎಂದು ಅಮ್ಮ ಕೇಳದೆ ಇರಲಿಲ್ಲ. ‘ಇನ್ನೊಂದು ರಾತ್ರಿ ಆಸ್ಪತ್ರೆಗೆ ಓಡಿದರೆ ಎಷ್ಟಾಗುತ್ತೆ ಗೊತ್ತುಂಟಾ?’ ಎಂದೆ. ಸುಮ್ಮನಾದಳು.

ಈಗ ನಮ್ಮ ಕ್ರಮ ಇಷ್ಟು. ಬುಧವಾರ, ಭಾನುವಾರ ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋಗುತ್ತಾಳೆ, ಬಾಗಿಲು ಮುಚ್ಚುತ್ತೇನೆ. ನಾನು ಮಾಸ್ಕ್ ಹಾಕಿಕೊಂಡು ಪಟ್ಟಿಗಳನ್ನು ಒಂದು ಕಡೆಗೆ ಪೂರ್ತಿ ಮಲಗಿಸಿ, ಮೇಲಿನಿಂದ ಕೆಳಕ್ಕೆ, ಅಡ್ಡಡ್ಡವಾಗಿ ಬ್ರಷ್ ಆಡಿಸುತ್ತೇನೆ. ಮತ್ತೊಂದು ಕೈಯಿಂದ ಪಟ್ಟಿ ಹಿಡಿದಿರಬೇಕು, ಇಲ್ಲವಾದರೆ ಪಟಪಟ ಕುಣಿಯುತ್ತವೆ. ಆಮೇಲೆ ಇನ್ನೊಂದು ಕಡೆಗೆ ಮಲಗಿಸಿ ಮತ್ತೆ ಅದೇ. ಕೊನೆಗೆ ಹಿಂಡಿದ ಒದ್ದೆ ಬಟ್ಟೆಯಿಂದ ಒಂದು ಒರೆಸು. ಡಬ್ಬಿಯ ದೂಳನ್ನು ಕವರ್‌ನೊಳಗೇ ಸುರಿದು ಬಾಯಿ ಕಟ್ಟುತ್ತೇನೆ. ಫಿಲ್ಟರ್ ತೊಳೆದರೆ ಒಂದು ದಿನ ಪೂರ್ತಿ ಒಣಗಿದ ಮೇಲೆಯೇ ವಾಪಸ್ ಹಾಕುವುದು, ಒದ್ದೆ ಫಿಲ್ಟರ್ ಬೂಷ್ಟು ಹಿಡಿಯುತ್ತದೆ. ಗಾಳಿಯಲ್ಲಿ ತೇಲುವ ದೂಳು ಇಳಿಯಲಿ ಎಂದು ಇನ್ನೂ ಅರ್ಧ ಗಂಟೆ ಅಮ್ಮನಿಗೆ ಬಾಲ್ಕನಿಯೇ. ಗಾಜಿನಾಚೆಯಿಂದ ‘ಆ ಮೂಲೆ ಬಿಟ್ಟೆ ಕಣೇ’ ಎಂದು ಕೈಸನ್ನೆ ನಡೆದೇ ಇರುತ್ತದೆ.

ಯಂತ್ರ ಬಂದಿತೆಂದು ಉಬ್ಬಸ ವಾಸಿಯಾಗಿಲ್ಲ. ಇನ್ಹೇಲರ್ ದಿನವೂ ಇದೆ. ಹಾಸಿಗೆ, ದಿಂಬಿನಲ್ಲಿ ಇರುವ ಕಣ್ಣಿಗೆ ಕಾಣದ ದೂಳಿನ ನುಸಿಗಳಿಗೆ ಬಿಸಿನೀರಿನಲ್ಲಿ ಹೊದಿಕೆ ಒಗೆಯುವುದೇ ದಾರಿ. ಆದರೆ ಎರಡು ತಿಂಗಳಿಂದ ರಾತ್ರಿ ಆಟೊ ಹಿಡಿದಿಲ್ಲ. ಊರಿಗೆ ಬಿಟ್ಟು ಬಾ ಎಂಬ ಮಾತೂ ನಿಂತಿದೆ. ದೀಪಾವಳಿ ಇಲ್ಲೇ ಮಾಡೋಣ ಎಂದಿದ್ದಾಳೆ.

ನಮ್ಮಂತೆ ಊರು ಬಿಟ್ಟು ಬಂದು ದುಡಿಯುವ ಎಷ್ಟೋ ಮಂದಿ ಅಪ್ಪ–ಅಮ್ಮನನ್ನು ಕರೆಸಿಕೊಳ್ಳುವ ಆಸೆಯಲ್ಲಿದ್ದೀರಿ. ಟಿಕೆಟ್ ಬುಕ್ ಮಾಡುವ ಮೊದಲು ಕಿಟಕಿಯ ಪಟ್ಟಿಯ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಬೆರಳು ಕಪ್ಪಾದರೆ, ಮೊದಲು ಅದಕ್ಕೊಂದು ದಾರಿ ಮಾಡಿ.